ಬೋಟ್ ಶೋ ಕ್ಲಾಸಿಗೆ ಹೋಗಬೇಕಾ, ಮೊದಲು ದೋಣಿ ಹತ್ತಬೇಕಾ?

ಹೋದ ಮಳೆಗಾಲದಲ್ಲಿ ಒಂದೇ ಪ್ರಶ್ನೆ ಮೂರು ಕಡೆಯಿಂದ ಬಂತು. ಪುಣೆಯ ಹಿಂಜವಡಿಯಲ್ಲಿ ಐಟಿ ಕೆಲಸ ಮಾಡುವ ಗಂಡ ಹೆಂಡತಿ ಕೇಳಿದರು. ಡೊಂಬಿವಲಿಯಲ್ಲಿರುವ, ಬ್ಯಾಂಕಿನಿಂದ ರಿಟೈರ್ ಆದ ಧಾರವಾಡದ ಒಬ್ಬರು ಕೇಳಿದರು. ವಾಸ್ಕೋದಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗನೊಬ್ಬ ಕೇಳಿದ. ಎಲ್ಲರ ಆಸೆಯೂ ಒಂದೇ. ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಊರೂರು, ದೇಶ ದೇಶ ತಿರುಗಬೇಕು. ಎಲ್ಲರ ಗೊಂದಲವೂ ಒಂದೇ. ಹೊರದೇಶದ ಬೋಟ್ ಶೋಗಳಲ್ಲಿ, ಅಂದರೆ ದೋಣಿಗಳ ದೊಡ್ಡ ಪ್ರದರ್ಶನಗಳಲ್ಲಿ, ಈ ಬದುಕಿಗೆ ತಯಾರಿ ಅಂತಲೇ ಕ್ಲಾಸ್ ನಡೆಸುತ್ತಾರಂತೆ, ಅದಕ್ಕೆ ಹೋಗೋದಾ? ಇಲ್ಲೇ ಮುಂಬೈಯಲ್ಲೋ ಗೋವಾದಲ್ಲೋ ಸೇಲಿಂಗ್ ಕಲಿಯೋದಾ? ಥಾಯ್ಲೆಂಡಿನ ಫುಕೆಟ್ ಕಡೆ ಹೋಗಿ ದೋಣಿಯಲ್ಲೇ ಉಳಿದು ಕೋರ್ಸ್ ಮಾಡೋದಾ?

ನಾನು ಈ ಮೂರನ್ನೂ ಮಾಡಿದ್ದೇನೆ. ತಲೆಕೆಳಗಾದ ಕ್ರಮದಲ್ಲಿ ಮಾಡಿದ್ದೇನೆ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಹೇಗೂ ಹೋಗುತ್ತೇವೆ ಅಂತ ಮೊದಲು ಬೋಟ್ ಶೋಗೇ ಹೋದೆವು. ಹಾಯಿ ಎಳೆಯುವ ಹಗ್ಗ ಯಾವುದು, ಇಳಿಸುವುದು ಯಾವುದು ಅಂತ ಗೊತ್ತಾಗಿದ್ದು ಅದಾಗಿ ಒಂದೂವರೆ ವರ್ಷಕ್ಕೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಈ ಹುಚ್ಚು ಶುರುವಾಗಿದ್ದು ನನಗಲ್ಲ, ನಮ್ಮನೆಯವರಿಗೆ. ನಾನು ಕುಮಟಾದವಳು. ತದಡಿಯಿಂದ ಅಘನಾಶಿನಿಗೆ ದೋಣಿ ದಾಟಿದ್ದು ಬಿಟ್ಟರೆ ಕಡಲಿನ ಸಹವಾಸ ನನಗೆ ಬೇಕಿರಲಿಲ್ಲ.

ಏನನ್ನು ನೋಡಿ ಅಳೆಯಬೇಕು

ಬ್ರೋಷರ್ ನೋಡಿ ಅಳೆಯಬೇಡಿ. ಪ್ರತಿ ದಾರಿಗೂ ನಾನು ಕೇಳುವ ಪ್ರಶ್ನೆ ಆರು.

ಕೈಗೆ ಏನಾದರೂ ಬರುತ್ತಾ? ಅಂದರೆ ಗಂಟು, ಹಾಯಿ, ಚುಕ್ಕಾಣಿ, ಲಂಗರು. ಎರಡನೆಯದು, ದೋಣಿಯಲ್ಲಿ ಸಂಸಾರ ಹೂಡುವುದು ಹೇಗೆ ಅಂತ ಹೇಳಿಕೊಡುತ್ತಾರಾ? ನೀರು, ಕರೆಂಟು, ಅಡುಗೆ, ಕಕ್ಕಸು, ಔಷಧಿ, ದುಡ್ಡು ಎಲ್ಲ ಇದರಲ್ಲೇ ಬಂತು. ಮೂರು, ಜೊತೆಗಿರುವವರಿಗೂ ಕಲಿಯಲು ಜಾಗ ಇದೆಯಾ, ಅಥವಾ ಒಬ್ಬರು ಕಲಿತು ಇನ್ನೊಬ್ಬರು ಚಹಾ ಮಾಡೋದಾ? ನಾಲ್ಕು, ಕೊನೆಗೆ ಸಿಗುವ ಕಾಗದಕ್ಕೆ ಬೆಲೆ ಇದೆಯಾ? ಐದು, ಟಿಕೆಟ್, ವೀಸಾ, ರೂಮು, ರಜೆ ಎಲ್ಲ ಸೇರಿ ಎಷ್ಟಾಗುತ್ತದೆ? ಆರನೆಯದನ್ನು ಯಾರೂ ಕೇಳುವುದಿಲ್ಲ, ನನಗೆ ಅದೇ ದೊಡ್ಡದು: ಅಲ್ಲಿ ಕಲಿತದ್ದು ನಮ್ಮ ನೀರಿಗೆ ಹೊಂದುತ್ತಾ?

ಬೋಟ್ ಶೋ ಕ್ಲಾಸು

ದೊಡ್ಡ ಶೋಗಳ ಪೈಕಿ ಮೂರು ಹೆಸರು ಸಾಕು. ಅಮೆರಿಕದ ಅನಾಪೊಲಿಸ್‌ನಲ್ಲಿ ಅಕ್ಟೋಬರ್‌ನಲ್ಲಿ ನಡೆಯುವ ಹಾಯಿದೋಣಿಗಳ ಶೋ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವುದು, ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಜನವರಿ ಚಳಿಯಲ್ಲಿ ಛಾವಣಿಯ ಕೆಳಗೇ ನಡೆಯುವುದು. ನಮಗೆ ಹತ್ತಿರದ್ದು ದುಬೈ. ಆದರೆ ಅಲ್ಲಿ ಮೋಟಾರ್ ಯಾಟ್‌ಗಳದ್ದೇ ದರಬಾರು. ಹಾಯಿ ಬದುಕು ಕಲಿಯಲಿಕ್ಕೆ ಅಂತ ಅಲ್ಲಿಗೆ ಹೋಗಬೇಡಿ, ಸುಮ್ನೆ ಕಣ್ಣಿಗೆ ಹಬ್ಬ ಅಷ್ಟೆ.

ಕ್ಲಾಸು ಹೇಗಿರುತ್ತದೆ ಅಂದರೆ ಹೋಟೆಲಿನ ಹಾಲು ಅಥವಾ ಟೆಂಟು, ಮಡಚುವ ಕುರ್ಚಿಗಳು, ಒಂದೊಂದು ವಿಷಯಕ್ಕೆ ಒಂದೂವರೆ ಎರಡು ಗಂಟೆ. ಡೀಸೆಲ್ ಎಂಜಿನ್, ಬ್ಯಾಟರಿ ಮತ್ತು ಸೋಲಾರ್, ಹವಾಮಾನ, ಲಂಗರು, ತಿಂಗಳುಗಟ್ಟಲೆ ಆಗುವ ದಿನಸಿ, ಡಾಕ್ಟರಿಲ್ಲದ ಕಡೆ ಗಾಯ ಜ್ವರ ನೋಡಿಕೊಳ್ಳುವುದು, ವಿಮೆ, ಇಬ್ಬರೇ ಇದ್ದಾಗ ರಾತ್ರಿ ಪಾಳಿ. ಕಲಿಸುವವರಲ್ಲಿ ತುಂಬ ಜನ ತಾವೇ ಹತ್ತಿಪ್ಪತ್ತು ವರ್ಷ ದೋಣಿಯಲ್ಲಿ ಬಾಳಿದವರು. ಅದೇ ಇದರ ಬಂಡವಾಳ.

ನಾನು ಹೋಗುವಾಗ ಮುಖ ಊದಿಸಿಕೊಂಡಿದ್ದೆ. ನನ್ನ ಮನಸ್ಸು ತಿರುಗಿಸಿದ್ದು ನೀರಿನ ಲೆಕ್ಕದ ಒಂದು ಕ್ಲಾಸು. ನಲವತ್ತು ಅಡಿ ದೋಣಿ, ಟ್ಯಾಂಕಿನಲ್ಲಿ 300 ಲೀಟರ್ ಸಿಹಿನೀರು, ಜನ ಇಬ್ಬರು, ಎಷ್ಟು ದಿನ ಬರುತ್ತದೆ ಅಂತ ಕೇಳಿದರು. ನಮ್ಮ ಸರ್ಕಾರದ ಲೆಕ್ಕದಲ್ಲಿ ನಗರದವರಿಗೆ ತಲೆಗೆ ದಿನಕ್ಕೆ 135 ಲೀಟರ್. ಆ ಪ್ರಕಾರ ಎರಡನೇ ದಿನಕ್ಕೇ ನಲ್ಲಿ ಒಣಗುತ್ತದೆ. ಒಬ್ಬರಿಗೆ ಹತ್ತು ಲೀಟರಿನಲ್ಲಿ ಮುಗಿಸಿದರೆ ಹದಿನೈದು ದಿನ. ಪಕ್ಕದಲ್ಲಿ ಕೂತ ಅಮೆರಿಕದ ಹೆಂಗಸು ಹೌಹಾರಿದಳು. ನನಗೆ ನಗು ಬಂತು. ಮದುವೆಯಾದ ಹೊಸತರಲ್ಲಿ ನಾವು ಚಾಳಿನಲ್ಲಿದ್ದೆವು. ಬೆಳಿಗ್ಗೆ ಐದೂವರೆಯಿಂದ ಆರೂಕಾಲಿನವರೆಗೆ ನೀರು, ಎರಡು ಡ್ರಮ್ಮು, ನಾಲ್ಕು ಬಿಂದಿಗೆ, ನಾಲ್ಕು ಜನ. ಅಕ್ಕಿ ತೊಳೆದ ನೀರು ತುಳಸಿಗೆ. ಮುಂಬೈಯ ಒನ್ ರೂಮ್ ಕಿಚನ್‌ನಲ್ಲಿ ಸಂಸಾರ ಮಾಡಿದವರಿಗೆ ದೋಣಿಯ ಅರ್ಧ ವಿದ್ಯೆ ಆಗಲೇ ಬಂದಿರುತ್ತದೆ, ಅಲ್ವಾ?

ಇಂಥ ವಿಷಯ ಬೇರೆಲ್ಲೂ ಇಷ್ಟು ಒಟ್ಟಿಗೆ ಸಿಗುವುದಿಲ್ಲ. ಎರಡನೇ ಪ್ರಶ್ನೆಗೆ ಬೋಟ್ ಶೋ ಕ್ಲಾಸಿಗೆ ಪೂರ್ತಿ ಅಂಕ. ಮೂರನೆಯದಕ್ಕೂ ಅಷ್ಟೇ, ಆದರೆ ಒಂದು ಷರತ್ತು. ಗಂಡ ಹೆಂಡತಿ ಒಂದೇ ಕ್ಲಾಸಿನಲ್ಲಿ ಕೂರಬೇಡಿ. ಬೇರೆ ಬೇರೆ ಕ್ಲಾಸಿಗೆ ಹೋಗಿ, ರಾತ್ರಿ ನೋಟ್ಸ್ ಬದಲಾಯಿಸಿಕೊಳ್ಳಿ. ಒಟ್ಟಿಗೆ ಕೂತರೆ ಉತ್ಸಾಹ ಇರುವವರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಫೋನ್ ನೋಡುತ್ತಾರೆ. ಮೊದಲ ದಿನ ನಾನು ಮಾಡಿದ್ದು ಅದನ್ನೇ.

ಕೈಗೆ ಬರುತ್ತಾ ಅಂದರೆ ಇಲ್ಲ. ಕೆಲವು ಕಡೆ ಈಜುಕೊಳದಲ್ಲಿ ಲೈಫ್‌ರಾಫ್ಟ್ (ಅಪಾಯದಲ್ಲಿ ಹತ್ತುವ ಗಾಳಿ ತುಂಬಿದ ತೆಪ್ಪ) ಹತ್ತಿಸುತ್ತಾರೆ, ಬೆಂಕಿ ಆರಿಸುವುದು ತೋರಿಸುತ್ತಾರೆ. ಅದು ಬಿಟ್ಟರೆ ಎಲ್ಲ ಕುರ್ಚಿ ವಿದ್ಯೆ. ನಮ್ಮನೆಯವರು ಲಂಗರಿನ ಬಗ್ಗೆ ಹನ್ನೊಂದು ಪುಟ ಬರೆದುಕೊಂಡಿದ್ದರು. ಮೊದಲ ಸಲ ನಿಜವಾಗಿ ಲಂಗರು ಬಿಟ್ಟಾಗ ದೋಣಿ ಜಾರಿಕೊಂಡು ಹೋಗುವುದು ಅವರಿಗೆ ಗೊತ್ತೇ ಆಗಲಿಲ್ಲ. ದಡದ ತೆಂಗಿನಮರ ಜರುಗುತ್ತಿದೆ ಅಂತ ನಾನು ಹೇಳಬೇಕಾಯಿತು.

ಈಗ ಆರನೇ ಪ್ರಶ್ನೆ. ಲಂಗರಿನ ಸರಪಳಿ ಎಷ್ಟು ಬಿಡಬೇಕು ಅಂದರೆ ಆಳದ ಐದು ಪಟ್ಟು ಅನ್ನುವುದು ಸಾಮಾನ್ಯ ಲೆಕ್ಕ. ಆಳಕ್ಕೆ ನೀರಿನಿಂದ ದೋಣಿಯ ಮೂತಿಯವರೆಗಿನ ಎತ್ತರವನ್ನೂ ಸೇರಿಸಬೇಕು. ನೀರು ಮೂರು ಮೀಟರ್, ಮೂತಿ ಒಂದು ಮೀಟರ್, ಒಟ್ಟು ನಾಲ್ಕು, ಐದು ಪಟ್ಟು ಅಂದರೆ 20 ಮೀಟರ್ ಸರಪಳಿ. ಅನಾಪೊಲಿಸ್ ಕಡೆ ಇದೇ ಲೆಕ್ಕ ನಡೆಯುತ್ತದೆ, ಯಾಕೆಂದರೆ ಅಲ್ಲಿ ಉಬ್ಬರ ಇಳಿತದ ಫರಕು ಒಂದು ಅಡಿಯ ಹತ್ತಿರ. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ನಾಲ್ಕು ಮೀಟರಿಗೂ ಜಾಸ್ತಿ. ಇಳಿತದಲ್ಲಿ ಮೂರು ಮೀಟರ್ ಇದ್ದ ಜಾಗ ಆರು ಗಂಟೆಯಲ್ಲಿ ಏಳು ಮೀಟರ್ ಆಗುತ್ತದೆ. ಆಗ ಬೇಕಾದ ಸರಪಳಿ 40 ಮೀಟರ್. ಇಪ್ಪತ್ತೇ ಬಿಟ್ಟು ಮಲಗಿದರೆ ನಡುರಾತ್ರಿ ದೋಣಿ ಹೊರಟುಬಿಡುತ್ತದೆ.

ಬಣ್ಣವೂ ಉಲ್ಟಾ. ಅಮೆರಿಕದಲ್ಲಿ ಸಮುದ್ರದಿಂದ ಬಂದರಿಗೆ ಒಳಬರುವಾಗ ಕೆಂಪು ಬೋಯಾ, ಅಂದರೆ ದಾರಿ ತೋರಿಸುವ ತೇಲುಗುರುತು, ಬಲಗಡೆ ಇರಬೇಕು. ಭಾರತದಲ್ಲಿ, ಯುರೋಪಿನಲ್ಲಿ, ಥಾಯ್ಲೆಂಡಿನಲ್ಲಿ ಎಡಗಡೆ. ಪ್ರಾಸ ಕಟ್ಟಿ ಬಾಯಿಪಾಠ ಮಾಡಿಸಿದ್ದನ್ನು ಇಲ್ಲಿ ಬಂದು ಮರೆಯಲು ನನಗೆ ತಿಂಗಳುಗಳೇ ಬೇಕಾದವು. ಹವಾಮಾನವೂ ಹಾಗೇ. ಅಲ್ಲಿಯ ಕ್ಲಾಸು ಜೂನ್‌ನಿಂದ ನವೆಂಬರ್‌ವರೆಗಿನ ಹರಿಕೇನ್ ಸುತ್ತ ತಿರುಗುತ್ತದೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತದ ಭಯ ಮಳೆಗಾಲದ ಹಿಂದೆ ಮುಂದೆ. ತೌಕ್ತೆ ನಮ್ಮ ಕರಾವಳಿ ಸವರಿಕೊಂಡು ಹೋಗಿದ್ದು 2021ರ ಮೇ ನಡುವಿನಲ್ಲಿ. ಸೌತಾಂಪ್ಟನ್, ಡ್ಯೂಸೆಲ್‌ಡಾರ್ಫ್‌ನಲ್ಲಿ ಕೇಳಿದರೆ ಬೋಯಾದ ಗೊಂದಲವಾದರೂ ತಪ್ಪುತ್ತದೆ. ಇಂಗ್ಲೆಂಡಿನವರಿಗೆ ಉಬ್ಬರ ಇಳಿತ ಚೆನ್ನಾಗಿ ಗೊತ್ತು.

ದುಡ್ಡಿನ ಮಾತು. ಮಗಳ ಮನೆಯಲ್ಲಿ ಉಳಿದ ದಿನಗಳನ್ನು ಬಿಟ್ಟು, ಟಿಕೆಟ್, ಶೋ ದಿನಗಳ ರೂಮು, ಕ್ಲಾಸಿನ ಫೀ ಎಲ್ಲ ಸೇರಿ ನಮ್ಮಿಬ್ಬರಿಗೆ ಐದು ಲಕ್ಷದ ಹತ್ತಿರ ಆಯಿತು. ಅಮೆರಿಕದ ವೀಸಾ ಅರ್ಜಿಗೇ ತಲೆಗೆ 185 ಡಾಲರ್. ಯುರೋಪಿನ ಷೆಂಗೆನ್ ವೀಸಾಕ್ಕೆ 90 ಯೂರೋ. ಶೋ ನಡೆಯುವ ವಾರ ಊರಿನ ಹೋಟೆಲುಗಳು ಮದುವೆ ಸೀಸನ್ನಿನ ಕಲ್ಯಾಣಮಂಟಪದ ಹಾಗೆ. ಸಿಕ್ಕರೆ ಪುಣ್ಯ. ಕೊನೆಗೆ ಸಿಗುವ ಕಾಗದವನ್ನು ಫ್ರೇಮ್ ಹಾಕಿಸಬಹುದು. ಅದನ್ನು ತೋರಿಸಿದರೆ ಯಾರೂ ದೋಣಿ ಬಾಡಿಗೆಗೆ ಕೊಡುವುದಿಲ್ಲ.

ಇನ್ನೊಂದು ಎಚ್ಚರ. ಒಂದು ಶೋನಲ್ಲಿ, ಹೆಸರು ಬೇಡ, ಬ್ಯಾಟರಿ ಬಗ್ಗೆ ಅಂತ ಎರಡು ಗಂಟೆ ಕೂರಿಸಿದರು. ಎರಡನೇ ಗಂಟೆ ಪೂರ್ತಿ ಒಂದೇ ಕಂಪನಿಯ ಬ್ಯಾಟರಿಯ ಗುಣಗಾನ. ಕೊನೆಗೆ ಡಿಸ್ಕೌಂಟ್ ಕೂಪನ್. ದೋಣಿಯೇ ಇಲ್ಲದವರಿಗೆ ಬ್ಯಾಟರಿ ಕೂಪನ್! ಕಲಿಸುವವರು ಏನನ್ನು ಮಾರುತ್ತಾರೆ ಅಂತ ಮೊದಲು ನೋಡಿ, ಆಮೇಲೆ ಸೀಟು ಹಿಡಿಯಿರಿ.

ಇಲ್ಲೇ ಕಲಿಯುವುದು

ಮುಂಬೈ ಬಂದರಿನಲ್ಲಿ ಹಾಯಿ ಕಲಿಸುವ ಕ್ಲಬ್ಬುಗಳು, ಶಾಲೆಗಳು ಇವೆ. ಗೇಟ್‌ವೇ ಹತ್ತಿರದ ರಾಯಲ್ ಬಾಂಬೆ ಯಾಟ್ ಕ್ಲಬ್ 1846ರದ್ದು. ಮೆಂಬರ್ ಆಗದೆ ಫೀ ಕಟ್ಟಿ ವಾರಾಂತ್ಯದಲ್ಲಿ ಕಲಿಯುವ ಶಾಲೆಗಳೂ ಇವೆ. ಗೋವಾದಲ್ಲಿ ದೋನಾ ಪಾವ್ಲಾ ಕಡೆ ಚಿಕ್ಕ ಹಾಯಿದೋಣಿ ಕಲಿಸುತ್ತಾರೆ. ಪಣಜಿ ಹತ್ತಿರವೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಅಲ್ಲಿ ಪವರ್‌ಬೋಟ್ ನಡೆಸುವುದು, ಜೀವರಕ್ಷಣೆ ಇಂಥ ಕೋರ್ಸುಗಳು. ಪುಣೆಯವರಿಗೆ ಖಡಕ್‌ವಾಸ್ಲಾ ಜಲಾಶಯ ಕಣ್ಣಮುಂದೆ ಇದೆ, ಆದರೆ ಅಲ್ಲಿಯ ಹಾಯಿಗಳು ಸೇನಾ ಅಕಾಡೆಮಿ ಎನ್‌ಡಿಎಯ ಕೆಡೆಟ್‌ಗಳವು. ನೀವು ಎಕ್ಸ್‌ಪ್ರೆಸ್‌ವೇ ಹಿಡಿದು ಕೆಳಗಿಳಿಯಲೇಬೇಕು.

ಕೈಗೆ ಬರುವ ಮಟ್ಟಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಚಿಕ್ಕ ದೋಣಿಯಲ್ಲಿ ತಪ್ಪು ಮಾಡಿದರೆ ತಕ್ಷಣ ಒದ್ದೆಯಾಗುತ್ತೀರಿ, ಅದಕ್ಕಿಂತ ಒಳ್ಳೇ ಮೇಷ್ಟರಿಲ್ಲ. ಮುಂಬೈ ಬಂದರು ಅಂತೂ ಪಾಠಶಾಲೆಯೇ. ನ್ಹಾವಾ ಶೇವಾ ಬಂದರಿನ ಕಡೆ ಹೋಗುವ ಕಂಟೇನರ್ ಹಡಗು, ಎಲಿಫೆಂಟಾ ಲಾಂಚು, ಮಾಂಡ್ವಾದ ಫೆರ್ರಿ, ಕೋಳಿ ಸಮುದಾಯದ ಮೀನುಗಾರರ ಬಲೆ, ಜೊತೆಗೆ ಆ ಉಬ್ಬರ ಇಳಿತ. ಇದರ ನಡುವೆ ದೋಣಿ ನಡೆಸಿದವರಿಗೆ ಬೇರೆ ಬಂದರು ಸಲೀಸು.

ಕೊರತೆ ಏನೆಂದರೆ ಸಂಜೆಗೆ ಮನೆಗೆ ಬರುತ್ತೀರಿ. ದೋಣಿಯಲ್ಲಿ ಮಲಗುವುದಿಲ್ಲ, ಅಲೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಕಕ್ಕಸಿನ ಪಂಪು ಕಟ್ಟಿಕೊಂಡಾಗ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಎಲ್ಲ ಬಂದ್. ಅಕ್ಟೋಬರ್‌ನಿಂದ ಮೇ ಒಳಗೆ ಮುಗಿಸಬೇಕು. ಜನವರಿ ಕಳೆದ ಮೇಲೆ ಮಧ್ಯಾಹ್ನ ವಾಯವ್ಯದ ಗಾಳಿ ಚೆನ್ನಾಗಿ ಬೀಸುತ್ತದೆ, ಕಲಿಯಲು ಅದೇ ಹೊತ್ತು.

ದೋಣಿಯಲ್ಲೇ ಉಳಿದು ಕಲಿಯುವ ಐದು ದಿನ

ಫುಕೆಟ್, ಮಲೇಷ್ಯಾದ ಲಂಗ್ಕಾವಿ ಕಡೆ ಇಂಥ ಶಾಲೆಗಳಿವೆ. ಬ್ರಿಟನ್ನಿನ ಆರ್‌ವೈಎ ಅಥವಾ ಅಮೆರಿಕದ ಎಎಸ್‌ಎ ಅನ್ನುವ ಸೇಲಿಂಗ್ ಸಂಸ್ಥೆಗಳ ಪದ್ಧತಿ. ಆರ್‌ವೈಎಯಲ್ಲಿ ಮೊದಲ ಮೆಟ್ಟಿಲು ಕಾಂಪಿಟೆಂಟ್ ಕ್ರೂ, ಐದು ದಿನ. ಅದಾದ ಮೇಲೆ ಡೇ ಸ್ಕಿಪ್ಪರ್, ಅಂದರೆ ಹಗಲಿನಲ್ಲಿ ದೋಣಿಯ ನಾಯಕರಾಗಿ ನಡೆಸಲು ಕಲಿಯುವುದು, ಅದೂ ಐದು ದಿನ. ಆದರೆ ಇದಕ್ಕೆ ಬರುವವರು ಮೊದಲೇ ಐದು ದಿನ, 100 ಮೈಲಿ, ನಾಲ್ಕು ಗಂಟೆ ರಾತ್ರಿ ಸೇಲಿಂಗ್ ಮಾಡಿರಬೇಕು ಅಂತ ಕೇಳುತ್ತಾರೆ. ಎರಡನ್ನೂ ಬೆನ್ನಿಗೆ ಬೆನ್ನು ಮಾಡುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ನಡುವೆ ಒಂದು ಸೀಸನ್ ಮುಂಬೈ ನೀರಿನಲ್ಲಿ ಓಡಾಡಿ.

ಕಾಗದಕ್ಕೆ ಬೆಲೆ ಇರುವುದು ಇಲ್ಲಿ. ಗ್ರೀಸ್, ಕ್ರೊಯೇಷಿಯಾದಲ್ಲಿ ದೋಣಿ ಬಾಡಿಗೆಗೆ ಕೇಳಿದರೆ ಸರ್ಟಿಫಿಕೇಟ್ ಎಲ್ಲಿ ಅನ್ನುತ್ತಾರೆ. ನಾಳೆ ಸ್ವಂತ ದೋಣಿಗೆ ವಿಮೆ ಮಾಡಿಸುವಾಗ ಎಷ್ಟು ಮೈಲಿ ನಡೆಸಿದ್ದೀರಿ ಅಂತ ವಿಮೆಯವರು ಕೇಳುತ್ತಾರೆ. ಹಾಗಾಗಿ ಮೊದಲ ದಿನದಿಂದಲೇ ಎಷ್ಟು ಮೈಲಿ ನಡೆಸಿದಿರಿ ಅಂತ ಬರೆದಿಡುವ ಲಾಗ್‌ಬುಕ್ ಇಡಿ, ಸ್ಕಿಪ್ಪರ್ ಸಹಿ ಹಾಕಿಸಿಕೊಳ್ಳಿ.

ನಮಗೆ ಟಿಕೆಟ್ ಸೇರಿ ತಲೆಗೆ ಒಂದೂವರೆ ಲಕ್ಷದ ಆಸುಪಾಸು ಬಿತ್ತು. ಬೋಟ್ ಶೋಗಿಂತ ಕಡಿಮೆ, ಕಲಿತದ್ದು ಜಾಸ್ತಿ. ಎರಡನೇ ರಾತ್ರಿ ಮಳೆ ಬಂದು ಎಲ್ಲ ಕಿಟಕಿ ಮುಚ್ಚಿದಾಗ, ಒಳಗೆ ಐದು ಜನರ ಬೆವರು, ಡೀಸೆಲ್ ವಾಸನೆ, ಒದ್ದೆ ಟವೆಲ್ಲು. ನಮ್ಮನೆಯವರು ಬಕೆಟ್ ಹಿಡಿದು ಕೂತಿದ್ದರು. ನನಗೆ ವಾಂತಿ ಬರಲಿಲ್ಲ. ಯಾರ ಹೊಟ್ಟೆ ಕಡಲಿಗೆ ಒಗ್ಗುತ್ತದೆ ಅನ್ನುವುದು ಅಲ್ಲಿಯೇ ಗೊತ್ತಾಗುವುದು.

ನವೆಂಬರ್‌ನಿಂದ ಏಪ್ರಿಲ್ ಅಲ್ಲಿ ಒಳ್ಳೇ ಕಾಲ. ನಮ್ಮ ಒಳ್ಳೇ ಕಾಲವೂ ಅದೇ ಆದ್ದರಿಂದ ರಜೆಯ ಲೆಕ್ಕ ಸ್ವಲ್ಪ ಬಿಗಿ.

ಬೇರೆಯವರ ದೋಣಿಯಲ್ಲಿ ಆಳಾಗಿ

ದುಡ್ಡು ಕಡಿಮೆ, ಸಮಯ ಜಾಸ್ತಿ ಇದ್ದವರಿಗೆ ಇದು. ಮುಂಬೈಯಿಂದ ಗೋವಾಕ್ಕೆ ದೋಣಿ ತಲುಪಿಸುವ ಕೆಲಸ ಸೀಸನ್ನಿನ ಶುರುವಿಗೂ ಕೊನೆಗೂ ಇರುತ್ತದೆ. ಐದು ನಾಟ್, ಅಂದರೆ ಗಂಟೆಗೆ ಐದು ಸಮುದ್ರ ಮೈಲಿ, ವೇಗದಲ್ಲಿ ಹೋದರೆ ಹೆಚ್ಚುಕಡಿಮೆ ಎರಡು ಹಗಲು ಎರಡು ರಾತ್ರಿ. ಹೊರದೇಶದ ಕ್ರೂಸಿಂಗ್ ದೋಣಿಗಳು ನಿಲ್ಲುವುದು ಹೆಚ್ಚಾಗಿ ಕೊಚ್ಚಿಯ ಬೋಲ್ಗಾಟ್ಟಿ ಮರೀನಾದಲ್ಲಿ. ಆದರೆ 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದ ಮೇಲೆ ಆ ದಾರಿ ಹಿಡಿಯುವವರು ಕಡಿಮೆಯಾದರು. ಅಪರಿಚಿತರ ದೋಣಿ ಹತ್ತುವ ಮೊದಲು ಒಂದು ಹಗಲು ಅವರ ಜೊತೆ ಓಡಾಡಿ ನೋಡಿ. ಸ್ಕಿಪ್ಪರ್ ಕಿರುಚುವವನಾದರೆ ಇಳಿದುಬಿಡಿ. ನಡುಸಮುದ್ರದಲ್ಲಿ ಇಳಿಯಲಾಗುವುದಿಲ್ಲ.

ಮನೆಯಲ್ಲಿ, ಗ್ಯಾರೇಜಿನಲ್ಲಿ

ಥಿಯರಿಗೆ ದೂರ ಹೋಗಬೇಕಿಲ್ಲ. ಆನ್‌ಲೈನ್ ಕೋರ್ಸುಗಳಿವೆ. ನಮ್ಮ ನಕ್ಷೆಗಳನ್ನು ಡೆಹ್ರಾಡೂನಿನ ನೌಕಾ ಹೈಡ್ರೋಗ್ರಾಫಿಕ್ ಕಚೇರಿ ಮಾಡುತ್ತದೆ, ಉಬ್ಬರ ಇಳಿತದ ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ತರುತ್ತದೆ. ಹಾಗೆ ಒಂದು ವರ್ಷ ಪಟ್ಟಿ ಇಟ್ಟುಕೊಂಡು ಮರೀನ್ ಡ್ರೈವ್‌ನಲ್ಲಿ ವಾಕಿಂಗ್ ಮಾಡಿದರೂ ಅರ್ಧ ಕಲಿತಹಾಗೆ.

ಡೀಸೆಲ್ ಎಂಜಿನ್ ಮಾತ್ರ ಮೆಕ್ಯಾನಿಕ್ ಹತ್ತಿರ ಕಲಿಯಿರಿ. ಬೋಟ್ ಶೋ ಕ್ಲಾಸಿನಲ್ಲಿ ಒಂದು ರಬ್ಬರಿನ ಚಕ್ರ ಕೈಯಿಂದ ಕೈಗೆ ಹಾದು ಬಂದಿತ್ತು. ಇಂಪೆಲ್ಲರ್ ಅನ್ನುತ್ತಾರೆ, ಸಮುದ್ರದ ನೀರನ್ನು ಎಂಜಿನ್‌ಗೆ ಎಳೆದು ತಂಪು ಮಾಡುವ ಪಂಪಿನ ಒಳಗೆ ತಿರುಗುವುದು. ಅಂಗೈಯಷ್ಟು, ಆರು ರೆಕ್ಕೆ. ನಾನೂ ನೋಡಿದೆ, ಮುಟ್ಟಿದೆ, ಪಕ್ಕದವರಿಗೆ ಕೊಟ್ಟೆ. ಆಮೇಲೆ ಕಾರವಾರದ ಬೈತಖೋಲ್ ಬಂದರಿನಲ್ಲಿ ಮೀನುದೋಣಿಗಳ ಎಂಜಿನ್ ನೋಡುವ ಮೆಕ್ಯಾನಿಕ್ ಹತ್ತಿರ ನಾಲ್ಕು ದಿನ ಕೂತೆ. ಆತ ಒಂದು ಹಾಳಾದ ಇಂಪೆಲ್ಲರ್ ಹೊರಗೆ ತೆಗೆದು, "ಅಕ್ಕಾ, ಎಷ್ಟ್ ರೆಕ್ಕೆ ಅದೆ ಎಣಿಸಿ" ಅಂದ. ನಾಲ್ಕು. "ಹಂಗಾರೆ ಬಾಕಿ ಎರಡು ಎಲ್ಲಿ ಹೋದ್ವು?" ಹೊಸದು ಹಾಕಿ ಮುಚ್ಚಿದರೆ ಮುಗಿಯಲಿಲ್ಲ, ಮುರಿದ ತುಂಡು ಮುಂದಿನ ಪೈಪಿನಲ್ಲಿ ಸಿಕ್ಕಿಕೊಂಡು ನೀರು ಕಟ್ಟುತ್ತದೆ, ಎಂಜಿನ್ ಮತ್ತೆ ಬಿಸಿಯಾಗುತ್ತದೆ. ಒಂದು ಗಂಟೆ ಹುಡುಕಿ ಎರಡನೇ ತುಂಡು ಚಿಮುಟದಲ್ಲಿ ಎಳೆದವಳು ನಾನೇ. ಆ ನಾಲ್ಕು ದಿನಕ್ಕೆ ಆದ ಖರ್ಚು ಬಸ್ ಚಾರ್ಜು, ಲಾಡ್ಜು, ಮತ್ತೆ ಅವನ ಮನೆಗೆ ಒಯ್ದ ಎರಡು ಕಿಲೋ ಪೇಡೆ.

ಹಾಗಾದರೆ ಯಾರಿಗೆ ಯಾವುದು

ಪುಣೆಯ ದಂಪತಿಗೆ ದುಡ್ಡಿದೆ, ರಜೆ ಇಲ್ಲ. ಅವರು ಈ ಸೀಸನ್ನಿನಲ್ಲಿ ಮುಂಬೈಯಲ್ಲಿ ನಾಲ್ಕು ವಾರಾಂತ್ಯ ಚಿಕ್ಕ ದೋಣಿ, ಮುಂದಿನ ವರ್ಷ ಫುಕೆಟ್‌ನಲ್ಲಿ ಐದು ದಿನ ಮಾಡಲಿ. ಅದಾದ ಮೇಲೂ ಇಬ್ಬರಿಗೂ ಮನಸ್ಸಿದ್ದರೆ ಬೋಟ್ ಶೋಗೆ ಹೋಗಲಿ, ಅಷ್ಟರಲ್ಲಿ ಕೇಳಲು ಪ್ರಶ್ನೆ ಹುಟ್ಟಿರುತ್ತವೆ. ನಾವು ಹೋದಾಗ ನಮ್ಮ ಹತ್ತಿರ ಪೆನ್ನಿತ್ತು, ಪ್ರಶ್ನೆ ಇರಲಿಲ್ಲ. ಹೆಂಡತಿಗೆ ಇನ್ನೂ ಅರೆಮನಸ್ಸು ಅಂತ ಅವರು ಬರೆದಿದ್ದರು. ಹಾಗಿದ್ದರೆ ಅವರು ಒಬ್ಬರೇ ಬೇರೆ ಬ್ಯಾಚಿನಲ್ಲಿ ಕಲಿಯಲಿ. ಗಂಡ ಪಕ್ಕದಲ್ಲಿ ನಿಂತು ಹಗ್ಗ ಕಸಿದುಕೊಳ್ಳದಿದ್ದರೆ ಕಲಿಕೆ ಬೇಗ.

ಡೊಂಬಿವಲಿಯ ರಾಯರಿಗೆ ಅರವತ್ತೆರಡು. ಮಗ ಟೆಕ್ಸಾಸ್‌ನಲ್ಲಿದ್ದಾನೆ, ವೀಸಾ ಇದೆ. ಅವರು ಕ್ರಮ ತಪ್ಪಿಸಬಹುದು. ಹೇಗೂ ಮಗನ ಮನೆಗೆ ಹೋಗುವ ವರ್ಷ ಅಕ್ಟೋಬರ್‌ಗೆ ಹೊಂದಿಸಿಕೊಂಡು ಅನಾಪೊಲಿಸ್ ನೋಡಿ ಬರಲಿ. ಔಷಧಿ, ವಿಮೆ, ದುಡ್ಡಿನ ಕ್ಲಾಸುಗಳನ್ನೇ ಆರಿಸಿಕೊಳ್ಳಲಿ. ಎಂಜಿನ್, ಲಂಗರಿನ ಕ್ಲಾಸು ಬಿಡಲಿ. ಆದರೆ ಐದು ದಿನ ದೋಣಿಯಲ್ಲಿ ಮಲಗಿ ನೋಡುವ ತನಕ ಫ್ಲ್ಯಾಟ್ ಮಾರುವ ಮಾತು ಬೇಡ. ಮೊಣಕಾಲಿಗೆ ದೋಣಿಯ ಏಣಿ ಒಗ್ಗುತ್ತದೋ ಇಲ್ಲವೋ ಅಂತ ಯಾವ ಕ್ಲಾಸಿನಲ್ಲೂ ಹೇಳುವುದಿಲ್ಲ.

ವಾಸ್ಕೋದ ಹುಡುಗನಿಗೆ ಬೋಟ್ ಶೋ ಬೇಡವೇ ಬೇಡ. ಅವನು ಕೂತಿರುವ ಜಾಗವೇ ಬೇರೆ. ನೌಕಾಪಡೆಯ ಹಾಯಿದೋಣಿ ಮ್ಹಾದೇಯಿ ಕಟ್ಟಿದ್ದು ಗೋವಾದಲ್ಲಿ. ಅದರಲ್ಲೇ ದಿಲೀಪ್ ದೋಂಡೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿದರು, ಅಭಿಲಾಷ್ ಟಾಮಿ 2012–13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದರು. ನೌಕಾಪಡೆಯ ಇನ್ನೊಂದು ಹಾಯಿದೋಣಿ ತಾರಿಣಿಯೂ ಗೋವಾದ್ದೇ. 2017ರಲ್ಲಿ ನೌಕಾಪಡೆಯ ಆರು ಹೆಣ್ಣುಮಕ್ಕಳು, 2024ರಲ್ಲಿ ದಿಲ್ನಾ ಮತ್ತು ರೂಪಾ ಇಬ್ಬರೇ, ಅದರಲ್ಲಿ ಹೊರಟಿದ್ದು ಮಾಂಡವಿ ದಡದಿಂದ. ಆ ಹುಡುಗ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಣೆ ಕೋರ್ಸ್ ಮಾಡಲಿ. ಸೀಸನ್ನಿನಲ್ಲಿ ಬಾಡಿಗೆಗೆ ಓಡುವ ಚಾರ್ಟರ್ ದೋಣಿಯೊಂದರಲ್ಲಿ ಡೆಕ್ ತೊಳೆಯುವ ಕೆಲಸ ಹಿಡಿಯಲಿ, ಮೈಲಿ ಬರೆದಿಡಲಿ. ದುಡ್ಡು ಕೂಡಿದಾಗ ಡೇ ಸ್ಕಿಪ್ಪರ್.

ಈಗ ಮಳೆ ಹಿಡಿದಿದೆ, ನೀರಿಗಿಳಿಯುವ ಹಾಗಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತು ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ ಮೂರು ಮೀಟರ್ ತನ್ನಿ. ಬಾಲ್ಕನಿಯ ಗ್ರಿಲ್ಲಿಗೆ ಬೋಲೈನ್ ಗಂಟು (ಬಿಗಿಯಾಗದ ಕುಣಿಕೆ) ಹಾಕುವುದು ಕಲಿಯಿರಿ. ಕಣ್ಣು ಮುಚ್ಚಿಕೊಂಡು, ಒಂದೇ ಕೈಯಲ್ಲಿ ಬರುವ ತನಕ. ಕ್ಲಬ್ಬುಗಳ ಹೊಸ ಬ್ಯಾಚಿನ ಪಟ್ಟಿ ಸೆಪ್ಟೆಂಬರ್ ಕೊನೆಗೆ ಬರುತ್ತದೆ, ಗಣೇಶನನ್ನು ಬಿಟ್ಟು ಬಂದ ವಾರವೇ ಫೋನ್ ಮಾಡಿ ಕೇಳಿ.